ತಿರುಗಿ ಬಂದ ಈಶ್ವರ ಸಂವತ್ಸರ

ಜಗಳೂರು
ತಾ. 24-4-1937

ಹಕೀಂ ಕಾಕಾ ಅವರಿಗೆ ಅನ್ನಪೂರ್ಣಳ ನಮಸ್ಕಾರಗಳು.

ನಾನು ಚನ್ನಗಿರಿಯ ಕಲ್ಲೇಶಪ್ಪನವರ ಕೊನೆಯ ಮಗಳು. ನೀವೂ ಅಪ್ಪನೂ ಜಗಲಿಯಲ್ಲಿ ಚದುರಂಗ ಆಡುವಾಗ ಆನೆಯ ಕಾಯಿಯನ್ನು ಕದ್ದು ಲಂಗದಲ್ಲಿ ಬಚ್ಚಿಟ್ಟುಕೊಂಡು ಓಡಿದವಳು ಎಂದರೆ ಗುರುತು ಹತ್ತೀತು. ಈಗ ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಪರರ ಮಕ್ಕಳ ಕಿವಿ ಹಿಂಡುತ್ತಿದ್ದೇನೆ.

ಅಪ್ಪ ಹೋದ ಮೇಲೆ ಅವ್ವನನ್ನು ನಾನೇ ಕರೆದುಕೊಂಡು ಬಂದೆ. ಮೂರು ವರ್ಷವಾಯಿತು. ಮೊದಲೆರಡು ವರ್ಷ ಇಲ್ಲಿಯ ನೀರು ಉಪ್ಪು, ಗಾಳಿ ಒಣಕಲು, ನನಗೆ ರೊಟ್ಟಿ ತಟ್ಟಲು ಬರುವುದಿಲ್ಲ ಎಂದು ದಿನಾ ಬೈಯುತ್ತಿದ್ದಳು. ಹೋದ ವರ್ಷ ಧಾತು ಸಂವತ್ಸರ ಹುಟ್ಟಿದ ಮೇಲೆ ಬೈಗುಳ ನಿಂತಿತು. ನಾವು ದಡ್ಡರು, ಅವ್ವ ಅಂತೂ ಊರಿಗೆ ಹೊಂದಿಕೊಂಡಳು ಎಂದು ಸಂತೋಷಪಟ್ಟೆವು.

ಈ ಯುಗಾದಿಯ ದಿನ ಮಠದ ಅಯ್ಯನವರು ಪಂಚಾಂಗ ಓದುತ್ತಾ ‘ಈಶ್ವರನಾಮ ಸಂವತ್ಸರ’ ಎಂದದ್ದೇ ತಡ, ಅವ್ವ ಎದ್ದು ಮನೆಗೆ ಬಂದಳು. ಒಳಮನೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಳು. ಅಂದಿನಿಂದ ಅದೇ ಅವಳ ಜಾಗ. ತಲೆ ಬಾಚಿಕೊಳ್ಳುವುದಿಲ್ಲ, ಅಳುವುದಿಲ್ಲ, ಯಾರನ್ನೂ ದೂರುವುದಿಲ್ಲ. ಊಟ ಎಂದರೆ ಒಂದು ಹಿಡಿ, ಅದೂ ನನ್ನ ಬಲವಂತಕ್ಕೆ. ಏನಾಗಿದೆ ಎಂದು ಹತ್ತು ಸಲ ಕೇಳಿದ ಮೇಲೆ ಒಂದು ಸಲ ಹೇಳಿದಳು: “ಹೋದ ಸಲ ಈಶ್ವರ ನನ್ನ ಬಿಟ್ಟು ಹೋದ. ಈ ಸಲ ಒಯ್ಯಾಕೆ ಬಂದಾನೆ. ಈ ವರ್ಷ ನಂದು.”

ಅರವತ್ತು ವರ್ಷದ ಹಿಂದೆ ಧಾತು, ಈಶ್ವರ ಎರಡು ವರ್ಷ ಬಿದ್ದ ದೊಡ್ಡ ಬರದ ಸಂಗತಿ ನಿಮಗೆ ನಾನು ಹೇಳಬೇಕಾಗಿಲ್ಲ. ಸಂವತ್ಸರದ ಹೆಸರುಗಳು ಅರವತ್ತಕ್ಕೊಮ್ಮೆ ತಿರುಗುತ್ತವೆ, ಈಗ ಮತ್ತೆ ಅವೇ ಬಂದಿವೆ. ಆಗ ಅವ್ವನಿಗೆ ಎಂಟು ವರ್ಷವಂತೆ. ಹೆಸರು ತಿರುಗಿ ಬಂದ ಮಾತ್ರಕ್ಕೆ ಬರ ತಿರುಗಿ ಬರುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದೆ. ಪಾಠ ಅವಳ ಕಿವಿಗೆ ಬೀಳಲಿಲ್ಲ.

ದವಾಖಾನೆಯ ಟಾನಿಕ್ಕು ಎರಡು ಸೀಸೆ ಮುಗಿಯಿತು. ಮುಂದಿನ ಯುಗಾದಿಗೆ ಇನ್ನೂ ಹನ್ನೊಂದು ತಿಂಗಳಿದೆ. ಹೀಗೇ ಆದರೆ ಅವ್ವ ದೀಪಾವಳಿಯನ್ನೂ ಕಾಣುವುದಿಲ್ಲ. ನಿಮ್ಮ ಔಷಧಿಯ ಮೇಲೆ ಅಪ್ಪನಿಗೆ ಬಹಳ ನಂಬಿಕೆ ಇತ್ತು. ದಯವಿಟ್ಟು ಏನಾದರೂ ಕಳಿಸಿ.

ನಿಮ್ಮ ಮಗಳಂಥ,
ಅನ್ನಪೂರ್ಣ


ಚನ್ನಗಿರಿ
ತಾ. 3-5-1937

ಮಗಳೇ ಅನ್ನಪೂರ್ಣ,

ನೀನು ಕದ್ದ ಆನೆ ಸಿಗಲೇ ಇಲ್ಲ. ನಿಮ್ಮಪ್ಪ ಅದರ ಜಾಗದಲ್ಲಿ ಅಳಲೆಕಾಯಿ ಇಟ್ಟುಕೊಂಡು ಹನ್ನೆರಡು ವರ್ಷ ನನ್ನನ್ನು ಸೋಲಿಸಿದರು.

ಔಷಧಿ ಕಳಿಸುವುದಿಲ್ಲ. ಸಿಟ್ಟಾಗಬೇಡ. ನಾಡಿ ಮುಟ್ಟದೆ ಔಷಧಿ ಕೊಡುವವನು ಹಕೀಮನಲ್ಲ, ಅಂಗಡಿಯವನು. ನಿಮ್ಮವ್ವನದನ್ನು ನಮ್ಮ ಕಿತಾಬುಗಳಲ್ಲಿ ಮಾಲೀಖೂಲಿಯಾ ಎನ್ನುತ್ತಾರೆ; ಮನಸ್ಸಿಗೆ ಮಂಕು ಕವಿಯುವ ಕಾಯಿಲೆ. ಅದು ಆಯುಷ್ಯವನ್ನು ತಿನ್ನುತ್ತದೆ ಎಂದು ಕಿತಾಬು ಹೇಳುತ್ತದೆ. ಆದರೆ ನಲವತ್ತು ವರ್ಷ ಈ ಊರಿನ ಮುದುಕರನ್ನು ನೋಡಿದ ನನಗೆ ಕಿತಾಬಿನ ಮೇಲೆ ಪೂರ್ತಿ ಭರವಸೆ ಇಲ್ಲ. ನಮ್ಮ ಬೀದಿಯ ಪಾಪಣ್ಣನಿಗೆ ಎಂಬತ್ತೆಂಟು. ಇಬ್ಬರು ಹೆಂಡಿರನ್ನೂ ನಾಲ್ವರು ಮಕ್ಕಳನ್ನೂ ಮಣ್ಣಿಗಿಟ್ಟು ಬಂದವನು. ದಿನಾ ಬೆಳಗ್ಗೆ ಎದ್ದು ಯಾರ ಜೊತೆಗಾದರೂ ಜಗಳ ಕಾಯದೆ ಅವನಿಗೆ ಕೂಳು ಸೇರುವುದಿಲ್ಲ. ಅವನ ಎದುರುಮನೆಯ ಬಟ್ಟೆ ವ್ಯಾಪಾರಿಗೆ ಅರವತ್ತು, ಮನೆ ತುಂಬ ಮೊಮ್ಮಕ್ಕಳು, ನಾಡಿ ಹಿಡಿದರೆ ಕುದುರೆಯದು. ಒಂದು ದಿನ ಮಾತು ನಿಲ್ಲಿಸಿದ, ಮೂರು ತಿಂಗಳಿಗೆ ಹೋದ. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದು ನನ್ನನ್ನು ಸುಮ್ಮನೆ ಮಲಗಲು ಬಿಡುವುದಿಲ್ಲ.

ಇನ್ನೊಂದು ನೋಡಿದ್ದೇನೆ. ಆ ದೊಡ್ಡ ಬರದಲ್ಲಿ ಮಕ್ಕಳಾಗಿದ್ದು ಉಳಿದವರು ಬಹಳ ಗಟ್ಟಿ. ಜರಡಿ ಹಿಡಿದ ಮೇಲೆ ನಿಂತ ಕಾಳು ಅವರು. ನಿಮ್ಮವ್ವನೂ ಅಂಥವಳೇ, ಸುಲಭಕ್ಕೆ ಹೋಗುವ ಪೈಕಿ ಅಲ್ಲ. ಆದರೆ ಹೋಗಬೇಕೆಂದು ತಾನೇ ಹಟ ಹಿಡಿದರೆ ಏನಾಗುತ್ತದೆ ಎಂದು ನಾನು ಹೇಳಲಾರೆ.

ಆದ್ದರಿಂದ ಕೇಳಿದ್ದಕ್ಕೆ ಉತ್ತರ ಬರೆ. ಅವಳು ಏನನ್ನು ತಿನ್ನುತ್ತಾಳೆ ಎಂಬುದಕ್ಕಿಂತ ಏನನ್ನು ದೂಡುತ್ತಾಳೆ ಹೇಳು. ಮೊದಲಿನಿಂದ ಮುಟ್ಟದ ಪದಾರ್ಥ ಯಾವುದಾದರೂ ಉಂಟೇ? ತಟ್ಟೆಯ ಮುಂದೆ ಕುಳಿತಾಗ ಅವಳ ಕೈ ಏನು ಮಾಡುತ್ತದೆ? ನಿನಗೆ ಇವು ಹುಚ್ಚು ಪ್ರಶ್ನೆಗಳು ಅನ್ನಿಸಬಹುದು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತೀರಲ್ಲ, ಊಟ ನೋಡಬಲ್ಲವನಿಗೆ ರೋಗ ಕಾಣುತ್ತದೆ ಎನ್ನುವುದು ನನ್ನ ಗಾದೆ.

ಜೊತೆಗೆ ಒಂದು ಡಬ್ಬಿ ಗುಲ್ಕನ್ ಇದೆ. ಅದು ನಿನಗೆ.

ದುವಾದೊಂದಿಗೆ,
ನಿಯಾಜ್ ಅಹಮದ್


ಜಗಳೂರು
ತಾ. 30-5-1937

ಹಕೀಂ ಕಾಕಾ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟೇ ಬಂತು. ಮನೆಯವರು ಗುಲ್ಕನ್ ತಿನ್ನುತ್ತಾ, ಇವರು ಹಕೀಮರೋ ಪೊಲೀಸರೋ ಎಂದರು. ಆದರೂ ನೋಡತೊಡಗಿದೆ. ನೋಡನೋಡುತ್ತಾ ನನಗೂ ನಿಮ್ಮ ಚಟ ಅಂಟಿಕೊಂಡಿದೆ.

ಅವ್ವ ಗಂಜಿ ಕುಡಿಯುವುದಿಲ್ಲ. ಅಂಬಲಿಯನ್ನೂ ಮುಟ್ಟುವುದಿಲ್ಲ. ಈಗ ಮಾತ್ರವಲ್ಲ, ಎಂದೂ ಮುಟ್ಟಿದವಳಲ್ಲ. ಜ್ವರ ಬಂದಾಗ ನಮಗೆಲ್ಲ ಗಂಜಿ ಕಾಸಿ ಊದಿ ಊದಿ ಕುಡಿಸಿದವಳು, ತನಗೆ ಜ್ವರ ಬಂದರೆ ಬರೀ ಬಿಸಿನೀರು ಕುಡಿದು ಮಲಗುತ್ತಿದ್ದಳು. ಮೂವತ್ತೈದು ವರ್ಷ ಅವಳ ಮಗಳಾಗಿದ್ದೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಇನ್ನು ಕೈ. ತಟ್ಟೆಗೆ ಏನೇ ಹಾಕಲಿ, ಅವ್ವ ಮೊದಲು ಅದನ್ನು ಎರಡು ಪಾಲು ಮಾಡುತ್ತಾಳೆ. ಒಂದು ಪಾಲು ಉಣ್ಣುತ್ತಾಳೆ, ಇನ್ನೊಂದನ್ನು ತಟ್ಟೆಯ ಅಂಚಿಗೆ ಸರಿಸುತ್ತಾಳೆ. ಚಿಕ್ಕಂದಿನಲ್ಲಿ ಆ ಪಾಲು ನಮಗೆ ಸಿಗುತ್ತಿತ್ತು. ಅವ್ವನ ತಟ್ಟೆಯಲ್ಲಿ ಉಳಿದದ್ದು ಎಂದು ಕಿತ್ತಾಡಿ ತಿನ್ನುತ್ತಿದ್ದೆವು. ಅದು ತಾಯಿಯ ಪ್ರೀತಿ ಎಂದೇ ತಿಳಿದಿದ್ದೆ. ಈಗ ಕಿತ್ತಾಡುವವರು ಯಾರೂ ಇಲ್ಲ, ಆದರೂ ಪಾಲು ಮಾಡುತ್ತಾಳೆ. ಉಣ್ಣುವ ಪಾಲು ಮಾತ್ರ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿದೆ.

ಮೊನ್ನೆ ಅವಳ ಬೆಳ್ಳಿ ಕಡಗ ಮೊಣಕೈವರೆಗೆ ಜಾರಿತು. ನಾನು ನೋಡಿದ್ದನ್ನು ನೋಡಿ ಸೆರಗು ಹೊದ್ದಳು. ನನಗೆ ಭಯವಾಗುತ್ತಿದೆ ಕಾಕಾ.

ಅನ್ನಪೂರ್ಣ


ಚನ್ನಗಿರಿ
ತಾ. 8-6-1937

ಮಗಳೇ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಆ ಇನ್ನೊಂದು ಪಾಲು ಯಾರದು?

ನೇರವಾಗಿ ಕೇಳಬೇಡ. ನೇರ ಕೇಳಿದರೆ ಹಳೆಯ ಮಾತು ಆಮೆಯ ಹಾಗೆ ಒಳಗೆ ಹೋಗುತ್ತದೆ. ಇಬ್ಬರ ಕೈಗೂ ಕೆಲಸ ಇರುವಾಗ, ಮುಖ ಮುಖ ನೋಡದೆ ಕುಳಿತಿರುವಾಗ, ನೀನೇ ಬರದ ಕಾಲದ ಮಾತು ತೆಗೆ. ಅವಳು ಸುಮ್ಮನಿದ್ದರೆ ನೀನೂ ಸುಮ್ಮನಿರು. ಮಾರನೆಯ ದಿನ ಮತ್ತೆ ಕುಳಿತುಕೋ. ತಿಂಗಳಾದರೂ ಆಗಲಿ.

ನಿಯಾಜ್ ಅಹಮದ್


ಜಗಳೂರು
ತಾ. 19-8-1937

ಹಕೀಂ ಕಾಕಾ,

ಎರಡು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಈಗ ಇದೆ, ಆದರೆ ಬರೆಯಲು ಮನಸ್ಸು ಬಾರದು.

ಪಕ್ಕದ ಮನೆಯ ಹುಲಿಗೆಮ್ಮ ಬಿತ್ತನೆಗೆಂದು ಒಂದು ಚೀಲ ಶೇಂಗಾ ಸುಲಿಯಲು ತಂದಿದ್ದಳು. ಕೈ ಸಹಾಯಕ್ಕೆ ಎಂದು ಅರ್ಧ ಚೀಲ ನಮ್ಮ ಮನೆಗೆ ಹಾಕಿಸಿಕೊಂಡೆ. ಶಾಲೆ ಬಿಟ್ಟು ಬಂದು ಅವ್ವನ ಪಕ್ಕ ಕುಳಿತು ಸುಲಿಯುವುದು, ಅವಳೂ ಸುಲಿಯುವುದು. ಮಾತಿಲ್ಲ. ಒಂಬತ್ತನೆಯ ದಿನ, ನಾನು ಕೇಳದೆಯೇ, ಸಿಪ್ಪೆ ಒಡೆಯುತ್ತಾ ಹೇಳಿದಳು.

ಅವಳ ತವರು ನ್ಯಾಮತಿಯ ಹತ್ತಿರದ ಹಳ್ಳಿ. ಬರದ ಎರಡನೆಯ ವರ್ಷ ಅಪ್ಪ ಅವ್ವ ಇಬ್ಬರೂ ತೀರಿಕೊಂಡರು. ಉಳಿದವರು ಇವಳೂ ಇವಳ ತಮ್ಮನೂ. ನಾಲ್ಕು ವರ್ಷದ ಆ ಕೂಸಿಗೆ ತಾತನ ಹೆಸರು, ದೊಡ್ಡಣ್ಣ. ಅವನನ್ನು ಸೊಂಟದ ಮೇಲೆ ಹೊತ್ತು ಹೊನ್ನಾಳಿಗೆ ನಡೆದಳು. ಅಲ್ಲಿ ಹೊಳೆಯ ದಂಡೆಯಲ್ಲಿ ಗಂಜಿಮನೆ ಹಾಕಿದ್ದರು. ಸಂಜೆ ಇಬ್ಬರ ಪಾಲೂ ಇವಳ ಕೈಗೇ ಕೊಟ್ಟರು. ಮುಂದಿನದು ಅವಳ ಮಾತಲ್ಲೇ ಬರೆಯುತ್ತೇನೆ.

“ಅವ ಮರದ ಕೆಳಗೆ ಮಲಗಿದ್ದ. ಎಬ್ಬಿಸಿದೆ, ಏಳಲಿಲ್ಲ. ನನ್ನ ಪಾಲು ಕುಡಿದೆ. ಅವನ ಪಾಲು ಕೈಯಾಗೆ ಬಿಸಿ ಇತ್ತು. ಎದ್ದ ಮೇಲೆ ಕೊಟ್ಟರಾತು ಅಂದುಕೊಂಡೆ. ಒಂದು ಗುಟುಕು ಕುಡಿದೆ. ಆಮೇಲೆ ಇನ್ನೊಂದು. ಬೆಳಗ್ಗೆ ಎದ್ದು ನೋಡಿದ್ರೆ ಅವ ತಣ್ಣಗಿದ್ದ.”

ಇದನ್ನು ಅಪ್ಪನಿಗೂ ಹೇಳಿರಲಿಲ್ಲವಂತೆ. ಆರು ಮಕ್ಕಳನ್ನು ಹೆತ್ತಳು, ನಾಲ್ವರನ್ನು ಸಾಕಿದಳು, ಹನ್ನೊಂದು ಮೊಮ್ಮಕ್ಕಳ ತೊಟ್ಟಿಲು ತೂಗಿದಳು. ಪ್ರತಿ ಸಲ ಯಾರಾದರೂ ದೀರ್ಘಾಯುಷ್ಯವಾಗಲಿ ಎಂದು ಹರಸಿದಾಗ ಅವಳಿಗೆ ಬೆಂಕಿ ಮುಟ್ಟಿದಂತೆ ಆಗುತ್ತಿತ್ತಂತೆ. “ನನ್ನ ಆಯುಷ್ಯ ನಂದಲ್ಲ, ಅವನ ಪಾಲಿಂದು. ಅರವತ್ತು ವರ್ಷ ಉಂಡೆ. ಸಾಕು” ಎಂದಳು.

ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಅವಳು ಅಳಲಿಲ್ಲ, ನನ್ನ ಕೈ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. ಅಂದಿನಿಂದ ಒಂದು ಪಾಲೂ ಇಲ್ಲ, ಬರೀ ಮಜ್ಜಿಗೆ. ಇಂದಿಗೆ ಆರು ದಿನ. ಹೇಳಿದ್ದರಿಂದ ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಹೇಳಿ ಮುಗಿಸಿದೆ, ಇನ್ನು ಹೊರಡಬಹುದು ಎನ್ನುವ ಹಾಗಿದ್ದಾಳೆ. ಕೇಳಿಸಿದವರು ನೀವು. ನಿಮ್ಮ ಮೇಲೆ ನನಗೆ ಕೋಪವಿದೆ. ಈಗ ಏನು ಮಾಡಬೇಕೆಂದು ಕೂಡಲೇ ತಿಳಿಸಿ.

ಅನ್ನಪೂರ್ಣ


ಚನ್ನಗಿರಿ
ತಾ. 22-8-1937

ಮಗಳೇ,

ನಿನ್ನ ಕೋಪ ನ್ಯಾಯವಾದದ್ದು. ಕುತೂಹಲ ನನ್ನ ರೋಗ. ಹುತ್ತ ಕಂಡರೆ ಕೈ ಹಾಕದೆ ಇರಲಾರೆ. ಈ ಸಲ ಕೈ ನನ್ನದು, ಕಚ್ಚಿಸಿಕೊಂಡವಳು ನೀನು.

ನಾಳೆಯ ಮೋಟಾರಿಗೆ ದಾವಣಗೆರೆಗೆ ಹೊರಟು, ಅಲ್ಲಿಂದ ಜಗಳೂರಿಗೆ ಬರುತ್ತೇನೆ. ಈ ಕಾಗದವೂ ನಾನೂ ಒಂದೇ ಗಾಡಿಯಲ್ಲಿ ಬಂದರೂ ಬರಬಹುದು. ಬರುತ್ತೇನೆಂದು ಅವಳಿಗೆ ಹೇಳಬೇಡ.

ನಿಯಾಜ್ ಅಹಮದ್


ಜಗಳೂರು
ತಾ. 6-9-1937

ಹಕೀಂ ಕಾಕಾ,

ಕ್ಷೇಮವಾಗಿ ಊರು ಸೇರಿದ್ದು ತಿಳಿದು ಸಮಾಧಾನವಾಯಿತು. ಈ ವಯಸ್ಸಿನಲ್ಲಿ ಆ ಮೋಟಾರಿನ ಕುಲುಕಾಟ ನಿಮ್ಮ ಸೊಂಟಕ್ಕೆ ಏನು ಮಾಡಿತೋ.

ನೀವು ಹೋದ ಮೇಲೆ ನಡೆದದ್ದನ್ನು ಬರೆಯುತ್ತೇನೆ. ಅಂದು ನೀವು ಅವ್ವನ ಎದುರು ಚಾಪೆಯ ಮೇಲೆ ಕುಳಿತಾಗ ನಾನು ಬಾಗಿಲಲ್ಲೇ ನಿಂತಿದ್ದೆ. ನಾಡಿ ಹಿಡಿಯುತ್ತೀರಿ ಎಂದುಕೊಂಡಿದ್ದೆ. ನೀವು ನಿಮ್ಮ ತಂದೆಯವರ ಮಾತು ತೆಗೆದಿರಿ. ಅವರು ಅದೇ ಹೊನ್ನಾಳಿಯ ಗಂಜಿಮನೆಯಲ್ಲಿ ಸೌಟು ಹಿಡಿದು ಬಡಿಸುತ್ತಿದ್ದರೆಂದೂ, ಹಸಿದು ಹಸಿದು ಕರುಳು ಅಂಟಿಕೊಂಡ ಮಕ್ಕಳು ಗಂಜಿ ಹೊಟ್ಟೆಗೆ ಬಿದ್ದ ರಾತ್ರಿಯೇ ಪ್ರಾಣ ಬಿಟ್ಟದ್ದನ್ನು ಕಣ್ಣಾರೆ ಕಂಡರೆಂದೂ ಹೇಳಿದಿರಿ. ಎಬ್ಬಿಸಿದರೂ ಏಳದ ಮಗುವಿಗೆ ಆಗಲೇ ಹೊತ್ತು ಮೀರಿತ್ತು, ಆ ಪಾಲು ಅವನ ಬಾಯಿಗೆ ಬಿದ್ದಿದ್ದರೂ ಅವನು ಉಳಿಯುತ್ತಿರಲಿಲ್ಲ ಅಕ್ಕಾ ಎಂದಿರಿ. ಅವ್ವ ಬಹಳ ಹೊತ್ತು ನಿಮ್ಮನ್ನೇ ನೋಡಿದಳು. ಗೋಡೆ ಬಿಟ್ಟು ಅವಳು ಮನುಷ್ಯರ ಮುಖ ನೋಡಿದ್ದು ನಾಲ್ಕು ತಿಂಗಳಲ್ಲಿ ಅದೇ ಮೊದಲು.

ಆಮೇಲೆ ಕೇಳಿದಳಲ್ಲ, “ಗಂಜಿ ಕುಡಿದವರು ಸತ್ತರು ಅಂತೀರಿ. ಎರಡು ಪಾಲು ಕುಡಿದ ನಾನ್ಯಾಕೆ ಸಾಯಲಿಲ್ಲ?” ಇಷ್ಟು ದೂರ ಬಂದು ಕಟ್ಟಿದ್ದೆಲ್ಲ ಒಂದೇ ಪ್ರಶ್ನೆಗೆ ಬಿತ್ತು ಎಂದುಕೊಂಡೆ. ನೀವು ಗಡ್ಡ ಕೆರೆದುಕೊಂಡು “ಗೊತ್ತಿಲ್ಲ ಅಕ್ಕಾ, ನಿಜವಾಗಿ ಗೊತ್ತಿಲ್ಲ” ಎಂದಿರಿ.

ನೀವು ಹೋದ ಮಾರನೆಯ ದಿನ ಅವ್ವ ನನ್ನನ್ನು ಕರೆದು, ಹಕೀಮರಿಗೆ ವಯಸ್ಸೆಷ್ಟು ಎಂದು ಕೇಳಿದಳು. ಅರವತ್ತೆರಡು ಎಂದೆ. ಹಲ್ಲು ಅವರವೇ ಏನು ಎಂದಳು. ಗೊತ್ತಿಲ್ಲ ಎಂದೆ. ಇಷ್ಟು ಹೊತ್ತು ಮನೆಯಲ್ಲಿದ್ದ ಮನುಷ್ಯನ ಹಲ್ಲು ನೋಡಲಿಲ್ಲವೇ ಎಂದು ಬೈದಳು. ಒಂದೂವರೆ ವರ್ಷದ ನಂತರ ಬಿದ್ದ ಬೈಗುಳ. ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಆ ಸಂಜೆ ಅರ್ಧ ರೊಟ್ಟಿ ತಿಂದಳು.

ನಿಮ್ಮ ತಂದೆಯವರ ಪುಣ್ಯ ದೊಡ್ಡದು. ನನ್ನ ಕೋಪ ಹೋಯಿತು.

ಅನ್ನಪೂರ್ಣ


ಚನ್ನಗಿರಿ
ತಾ. 15-9-1937

ಮಗಳೇ,

ಹಲ್ಲು ನನ್ನವೇ, ಮೂರು ಕಡಿಮೆ. ತಿಳಿಸು.

ಇನ್ನು ಮುಂದಿನದನ್ನು ಓದಿ ಒಲೆಗೆ ಹಾಕು. ನಮ್ಮಪ್ಪ ಹೊನ್ನಾಳಿಯಲ್ಲಿ ಸೌಟು ಹಿಡಿದವರಲ್ಲ. ಬರದ ಎರಡು ವರ್ಷವೂ ಅವರು ಶಿವಮೊಗ್ಗೆಯಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದರು. ಹಸಿದವರು ಒಮ್ಮೆಗೇ ಉಂಡರೆ ಪ್ರಾಣಕ್ಕೆ ಅಪಾಯ ಎಂಬುದು ಕಿತಾಬಿನಲ್ಲಿರುವ ನಿಜ. ಆದರೆ ಆ ಮಗು ಉಳಿಯುತ್ತಿತ್ತೋ ಇಲ್ಲವೋ ನಾನು ಹೇಗೆ ಹೇಳಲಿ? ಕಂಡವರು ಹೇಳಿದರೆ ಮಾತ್ರ ಅವಳು ನಂಬುತ್ತಾಳೆ ಎಂದು, ಮೋಟಾರಿನಲ್ಲಿ ಕುಳಿತು ಕಂಡವರೊಬ್ಬರನ್ನು ಹುಟ್ಟಿಸಿಕೊಂಡೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಿಸು ಎನ್ನುತ್ತೀರಿ. ಒಂದು ಸುಳ್ಳು ಹೇಳಿ ಒಂದು ಜೀವ ಉಳಿಸಬಾರದೇ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಒಪ್ಪಿಲ್ಲ. ನಲವತ್ತು ವರ್ಷದಲ್ಲಿ ರೋಗಿಗೆ ಹೇಳಿದ ಮೊದಲ ಸುಳ್ಳು ಇದು, ಮತ್ತು ಅದೊಂದೇ ಕೆಲಸ ಮಾಡಿದ್ದು ನೋಡಿ ನನ್ನ ಗುಲ್ಕನ್, ಮಾಜೂನು ಲೇಹ್ಯಗಳ ಬಗ್ಗೆಯೇ ಅನುಮಾನ ಹುಟ್ಟಿದೆ.

ಅವಳಿಗೆ ಎಂದೂ ಗೊತ್ತಾಗಬಾರದು. ಗೊತ್ತಾದರೆ ಅವಳು ನಮ್ಮ ಕೈಗೆ ಸಿಗುವುದಿಲ್ಲ. ಯುಗಾದಿ ದಾಟಲಿ.

ನಿಯಾಜ್ ಅಹಮದ್


ಜಗಳೂರು
ತಾ. 14-1-1938

ಹಕೀಂ ಕಾಕಾ,

ಆ ಕಾಗದವನ್ನು ಅಂದೇ ಸುಟ್ಟೆ. ನನಗೂ ಆಮೇಲೆ ಅವ್ವನಿಗೆ ಮುಖ ಕೊಟ್ಟು ಮಾತಾಡಲು ಒಂದು ವಾರ ಬೇಕಾಯಿತು.

ಪೂರ್ತಿ ಗುಣವಾಯಿತು ಎಂದು ಬರೆಯುವ ಆಸೆ ಇತ್ತು. ಹಾಗಿಲ್ಲ. ಕಾರ್ತಿಕದಲ್ಲಿ ಮತ್ತೆ ಹನ್ನೆರಡು ದಿನ ಗೋಡೆಗೆ ಮುಖ ಮಾಡಿದಳು. ಆಮೇಲೆ ಒಂದು ದಿನ ತಾನಾಗಿ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದು, ಹುಲಿಗೆಮ್ಮನ ಅತ್ತೆ ಬಿಳಿಚೋಡಿನಿಂದ ಬಂದಿದ್ದಾಳೆ, ಅವಳಿಗೆ ಎಂಬತ್ತಂತೆ, ಬರದಾಗೆ ಅವಳು ಏನು ತಿಂದಿದ್ದಳು ಕೇಳಿಕೊಂಡು ಬರ್ತೀನಿ ಎಂದು ಹೋದಳು. ಈಗ ಇದೊಂದು ಹಿಡಿದಿದೆ ಅವಳಿಗೆ. ಆ ಕಾಲದವರು ಯಾರು ಸಿಕ್ಕರೂ ನೀನು ಹೆಂಗೆ ಉಳಿದೆ ಎಂದು ಕೇಳುತ್ತಾಳೆ. ಒಬ್ಬಳು ಕತ್ತಾಳೆ ಗೆಡ್ಡೆ ಎಂದಳಂತೆ, ಇನ್ನೊಬ್ಬಳು ದೇವರು ಎಂದಳಂತೆ. ಅವ್ವನಿಗೆ ಎರಡೂ ಒಪ್ಪಿಗೆಯಾಗಿಲ್ಲ.

ಒಳ್ಳೆಯ ದಿನ ಮುಕ್ಕಾಲು ರೊಟ್ಟಿ, ಕೆಟ್ಟ ದಿನ ಎರಡು ತುತ್ತು. ಯುಗಾದಿಗೆ ಇನ್ನು ಎರಡೂವರೆ ತಿಂಗಳು. ನಾನು ದಿನ ಎಣಿಸುತ್ತಿದ್ದೇನೆ. ಅವಳೂ ಎಣಿಸುತ್ತಿದ್ದಾಳೆ, ಯಾವುದಕ್ಕೆ ಎಂದು ಕೇಳುವ ಧೈರ್ಯ ನನಗಿಲ್ಲ.

ಅನ್ನಪೂರ್ಣ


ಜಗಳೂರು
ತಾ. 7-4-1938

ಹಕೀಂ ಸಾಹೇಬ್ರಿಗೆ ದುರುಗಮ್ಮ ಮಾಡುವ ಶರಣು.

ನಾನು ಹೇಳ್ತಾ ಇದೀನಿ, ಅನ್ನಪೂರ್ಣ ಬರೀತಾ ಇದಾಳೆ. ಒಂದು ಅಕ್ಷರ ಆಚೆ ಈಚೆ ಮಾಡಬಾರದು ಅಂತ ಆಣೆ ಹಾಕ್ಸಿದೀನಿ. ಅವಳು ಮೇಷ್ಟರ ಕೆಲಸ ಮಾಡೋಳು, ತಿದ್ದೋ ಚಟ ಐತೆ.

ಯುಗಾದಿ ಆತು. ಬಹುಧಾನ್ಯ ಬಂದೈತೆ. ಈಶ್ವರ ಈ ಸಲಾನೂ ನನ್ನ ಬಿಟ್ಟು ಹೋದ. ಬೆಳಗ್ಗೆ ಎದ್ದು ಕೈ ಕಾಲು ಮುಟ್ಟಿ ನೋಡಿಕೊಂಡೆ.

ನಿಮಗೊಂದು ಮಾತು ಹೇಳಬೇಕು. ಹೊನ್ನಾಳಿ ಗಂಜಿಮನ್ಯಾಗೆ ಬಡಿಸ್ತಿದ್ದೋರು ಇಬ್ಬರು ಹೆಂಗಸರು. ಒಬ್ಬಾಕೆ ಕೈ ಮೇಲೆ ಹಚ್ಚೆ ಇತ್ತು. ಇನ್ನೊಬ್ಬಾಕೆಗೆ ಕಿರುಬೆರಳು ಇರಲಿಲ್ಲ. ಗಂಡಸರು ಯಾರೂ ಇರಲಿಲ್ಲ. ಆ ನಾಲ್ಕು ಕೈ ಅರವತ್ತು ವರ್ಷದಿಂದ ದಿನಾ ನನ್ನ ಕಣ್ಣ ಮುಂದೆ ಬರ್ತಾವೆ, ನಾನು ಮರೆಯಾಕೆ ಸಾಧ್ಯ ಇಲ್ಲ. ನಿಮ್ಮ ಅಪ್ಪಾರು ಅಲ್ಲಿ ಇರಲಿಲ್ಲ ರೀ. ನೀವು ಹೇಳ್ತಾ ಇರುವಾಗ್ಲೇ ನನಗೆ ಗೊತ್ತಾತು. ನೀವು ಚಾಪೆ ಕಡ್ಡಿ ಕಿತ್ತು ಕಿತ್ತು ಹಾಕ್ತಾ ಇದ್ರಿ. ಸುಳ್ಳು ಹೇಳಿ ರೂಢಿ ಇಲ್ಲದೋರು ನೀವು.

ಇದನ್ನ ಬರೆಯುವಾಗ ಅನ್ನಪೂರ್ಣನ ಮುಖ ಬಿಳಿಚಿಕೊಂಡೈತೆ. ಅಂದ್ರೆ ಇವಳಿಗೂ ಗೊತ್ತಿತ್ತು. ಇರಲಿ, ಇವಳಿಗೆ ಆಮೇಲೆ ಮಾಡ್ತೀನಿ.

ನಾನು ಉಂಡದ್ದು ನಿಮ್ಮ ಮಾತು ನಂಬಿ ಅಲ್ಲ. ನೀವು ಹೋದ ಮೇಲೆ ಯೋಚನೆ ಮಾಡ್ತಾ ಕೂತೆ. ನಮ್ಮ ಯಜಮಾನ್ರ ಜೊತೆ ಚದುರಂಗ ಆಡ್ತಿದ್ದ ಹಣ್ಣು ಗಡ್ಡದ ಸಾಹೇಬ್ರು, ಕುಲದೋರಲ್ಲ, ನೆಂಟರಲ್ಲ. ಅಷ್ಟು ದೂರದಿಂದ ಸೊಂಟ ನೋಯಿಸಿಕೊಂಡು ಬಂದು, ದೇವರಿಗೆ ಅಂಜೋ ಮನುಷ್ಯ ಕೂತು ಸುಳ್ಳು ಹೇಳಿದ್ರು. ಯಾರ ಸಲುವಾಗಿ? ನನ್ನ ಸಲುವಾಗಿ ಅಲ್ಲ. ಈ ಮುದುಕಿ ಏನು ಮಾಡ್ಯಾಳೆ ಸುಳ್ಳಿಗೆ ಯೋಗ್ಯ ಆಗುವಂಥದ್ದು? ಆ ಮರದ ಕೆಳಗೆ ಕೂತಿದ್ಲಲ್ಲ, ಎಂಟು ವರ್ಷದ ಹುಡುಗಿ, ಅವಳ ಸಲುವಾಗಿ ಹೇಳಿದ್ರಿ. ನಿಮಗೆ ಅವಳ ಮ್ಯಾಲೆ ಕನಿಕರ ಬಂತು.

ನನಗೆ ಅವಳ ಮ್ಯಾಲೆ ಒಂದಿನಾನೂ ಬಂದಿರಲಿಲ್ಲ. ಅರವತ್ತು ವರ್ಷ ನನ್ನ ತಮ್ಮನನ್ನೇ ನೋಡಿದೆ, ಅವಳನ್ನ ನೋಡಲಿಲ್ಲ. ಆ ತಿಂಗಳೆಲ್ಲಾ ಅವಳೂ ಎಲೆ ತಿಂದಿದ್ಲು. ಅವನ್ನ ಹೊತ್ತುಕೊಂಡು ಅಷ್ಟು ದೂರ ನಡೆದಿದ್ಲು. ತಮ್ಮನಿಗೆ ಅಂತ ಬಿಸಿ ಗಂಜಿ ಹಿಡಿದು ಎಷ್ಟು ಹೊತ್ತು ಕಾದಳು ಅನ್ನೋದು ನನಗೇ ಗೊತ್ತು, ಬ್ಯಾರೆ ಯಾರಿಗೂ ಗೊತ್ತಿಲ್ಲ.

ಅವಳಿಗೂ ಹಸಿವಾಗಿತ್ತು ರೀ.

ದುರುಗಮ್ಮ, ಎಡಗೈ ಹೆಬ್ಬೆಟ್ಟಿನ ಗುರುತು
ಬರೆದವಳು ಅನ್ನಪೂರ್ಣ